ಬೋರಲಿಟ್ಟ ಗಂಗಾಳ

ಇಸವಿ ೨೨೧೪, ಎರಡನೇ ಬೇಸಿಗೆಯ ಎಪ್ಪತ್ತೊಂದನೇ ದಿನ
ಕೆಂಪಗಸಿ ಪಟ್ಟಣ, ಒಂಬತ್ತನೇ ವಾರ್ಡು

ನಮಗಿಂತ ಮೊದಲು ಬದುಕಿದವರಿಗೆ ನೀಲಗಂಗವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಬರೆದವಳಿಗೆ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದು ಬಂದಾಗ ಹಳೆಯ ಪಂಚಾಂಗದಲ್ಲಿ ಅದಕ್ಕೆ ಜಾಗವಿರಲಿಲ್ಲ, ಹಾಗಾಗಿ ತಿಂಗಳ ಹೆಸರಿಡದೆ ಬರೀ ದಿನ ಎಣಿಸುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೂ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ವಾರ್ಡ್ ಸಭೆಗಳ ನಡಾವಳಿ ಓದಿ. ಅದರಲ್ಲಿ ಪ್ರತಿ ಪುಟದಲ್ಲೂ 'ಸದರಿ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು' ಎಂದೇ ಇತ್ತು. ಮುಂದಿನ ಸಭೆ ಯಾವತ್ತು ನಡೆಯಿತೋ ನನಗಂತೂ ಸಿಗಲಿಲ್ಲ.

ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಜೀವಮಾನದಲ್ಲಿ ಒಬ್ಬರಿಗೆ ಒಂದು ಹಿಂದೋಲೆ ಬರೆಯಲು ಅನುಮತಿಯಿದೆ. ಬರೆದು ಕಚೇರಿಗೆ ಕೊಟ್ಟರೆ ಅವರು ಅದನ್ನು ಹಿಂದಿನ ಕಾಲಕ್ಕೆ ಕಳಿಸುತ್ತಾರಂತೆ. ಹತ್ತರಲ್ಲಿ ಮೂರು ತಲುಪುತ್ತವೆ ಎಂದು ಕಚೇರಿಯ ಗೋಡೆಯ ಮೇಲೆ ಬರೆದಿದ್ದಾರೆ. ತಲುಪಿತು ಎಂದು ಹಿಂದಿನಿಂದ ಬಂದು ಹೇಳಿದವರು ಯಾರು ಎಂದು ನಾನು ಕೇಳಿದೆ. ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ನೀವು ಕೇಳುಗಿತ್ತಿ ಇರಬೇಕಲ್ರಿ' ಅಂದ. ಹೌದು, ನಾನು ಕೇಳುಗಿತ್ತಿ. ಅದು ಬೈಗುಳವಲ್ಲ, ನನ್ನ ಹುದ್ದೆ. ಅನುಮಾನ ಪಡುವುದು ನನ್ನ ಕೆಲಸ. ಆ ಕೆಲಸವನ್ನು ಒಂದೇ ಒಂದು ದಿನ ಮಾಡದೆ ಬಿಟ್ಟೆ. ಅದನ್ನು ಹೇಳುವುದಕ್ಕೇ ಈ ಓಲೆ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಇದನ್ನು ಬರೆಯುತ್ತಿರುವಾಗ ನನ್ನೆದುರು ನಮ್ಮ ವಾರ್ಡಿನ ಕೈಯಾಳು ಅಡಿವೆಪ್ಪ ಕೂತಿದ್ದಾನೆ. ಮಧ್ಯಾಹ್ನ ಒಂದೂವರೆ ಗಂಟೆ. ಅವನಿಗೆ ಹಸಿವಾಗಿದೆ. ಒಲೆಯ ಪಕ್ಕದಲ್ಲಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕೆನೆಮೊಸರು ಎಲ್ಲ ತಯಾರಿವೆ. ಅವನ ಮುಂದಿನ ಊಟದ ತಟ್ಟೆ, ನಮ್ಮ ಮಾತಲ್ಲಿ ಗಂಗಾಳ, ಮಾತ್ರ ಬೋರಲಾಗಿದೆ.

ಕೈಯಾಳು ಎಂದರೆ ನೀವು ಕೌನ್ಸಿಲರ್ ಎಂದೋ ಸದಸ್ಯರು ಎಂದೋ ಕರೆಯುತ್ತಿದ್ದವರು. ನೀವು ಅವರ ಹೆಸರಿನ ಮೊದಲು ಸನ್ಮಾನ್ಯ ಎಂದು ಹಾಕುತ್ತಿದ್ದಿರಂತೆ. ನಾವು ಏಕವಚನದಲ್ಲಿ ಕರೆಯುತ್ತೇವೆ, ಅದು ಕಾಯಿದೆ. ಪಟ್ಟಣದ ಸಭೆಯಲ್ಲಿ ನಮ್ಮೆಲ್ಲರ ಪರವಾಗಿ ಕೈ ಎತ್ತುವ ಆಳು ಅವನು. ಆರಿಸಿ ಬಂದ ದಿನ ಅವನ ಮನೆಯ ಅಡುಗೆಕೋಣೆಗೆ ಬೀಗ ಬೀಳುತ್ತದೆ, ಅವಧಿ ಮುಗಿಯುವ ತನಕ ತೆಗೆಯುವಂತಿಲ್ಲ. ದಿನಕ್ಕೊಂದು ಮನೆಯಂತೆ ಇಡೀ ವಾರ್ಡಿನಲ್ಲಿ ಸರದಿಯ ಮೇಲೆ ಅವನು ಉಣ್ಣಬೇಕು. ಊಟದ ಹೊತ್ತಿಗೆ ಕೇಳುಗಿತ್ತಿ ವಾರ್ಡಿನ ಹಿತ್ತಾಳೆ ಗಂಗಾಳವನ್ನು ತಂದು, ಅವನ ಮುಂದೆ ಬೋರಲಾಗಿ ಇಡಬೇಕು. ಆ ಮನೆಯವರು ತಮ್ಮ ಒಂದು ಪ್ರಶ್ನೆಯನ್ನು ಅವಳ ಕಿವಿಯಲ್ಲಿ ಹೇಳಿರುತ್ತಾರೆ. ಊಟ ಹಾಕುವವರೇ ಮುಖ ಕೆಡಿಸಿಕೊಳ್ಳುವುದು ಬೇಡವೆಂದು ಅವಳು ಅವರ ಪರವಾಗಿ ಕೇಳುತ್ತಾಳೆ. ಅವನು ಉತ್ತರ ಹೇಳಿದ ಮೇಲೆ ಗಂಗಾಳ ಮಗುಚಿ ಅಂಗಾತ ಇಡುತ್ತಾಳೆ. ಆಮೇಲೆ ಬಡಿಸುವುದು. ದಿನಕ್ಕೆ ಒಂದೇ ಪ್ರಶ್ನೆ.

ಈ ಪದ್ಧತಿಯನ್ನು ಯಾವ ಸರ್ಕಾರವೂ ನಮಗೆ ಕೊಟ್ಟದ್ದಲ್ಲ. ನನ್ನ ಗಂಡನ ಮುತ್ತಜ್ಜಿಯ ಕಾಲದಲ್ಲಿ ಈ ವಾರ್ಡಿನ ಸದಸ್ಯ ಗೆದ್ದು ನಾಲ್ಕು ವರ್ಷವಾದರೂ ಓಣಿಗೆ ಮುಖ ತೋರಿಸಿರಲಿಲ್ಲ. ಅರ್ಜಿ ಕೊಟ್ಟರು, ಕಚೇರಿಗೆ ಅಲೆದರು, ಚಪ್ಪಲಿ ಸವೆದದ್ದೇ ಬಂತು. ಕೊನೆಗೊಂದು ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಗಂಗಾಳ ಹಿಡಿದು ಅವನ ಮನೆಯ ಬಾಗಿಲಲ್ಲಿ ಸಾಲಾಗಿ ಕೂತರು. ಮನೆಮುಂದೆ ಅಷ್ಟು ಜನ ಹೆಂಗಸರು ಖಾಲಿ ಗಂಗಾಳ ಇಟ್ಟುಕೊಂಡು ಕೂತಿರುವಾಗ ಒಳಗೆ ಕೂತು ಉಣ್ಣುವ ಗಂಡಸು ನಮ್ಮ ಊರಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅವನ ತಾಯಿ ಹೊರಗೆ ಬಂದು, 'ಊಟಕ್ಕ ಹಾಕ್ಲೇನ್ರವ್ವಾ?' ಎಂದು ಕೇಳಿದಳಂತೆ. ಮುತ್ತಜ್ಜಿ ಗಂಗಾಳ ಬೋರಲು ಹಾಕಿ, 'ಉಣ್ಣಾಕ ಬಂದಿಲ್ಲವ್ವಾ, ಕೇಳಾಕ ಬಂದೇವಿ' ಅಂದಳು. ಉಳಿದವರೂ ಬೋರಲು ಹಾಕಿದರು. ದೀಪ ಹಚ್ಚುವ ಹೊತ್ತಿಗೆ ಸದಸ್ಯ ಹೊರಗೆ ಬಂದು ನೆಲದ ಮೇಲೆ ಕೂತ. ಅವತ್ತು ಮುತ್ತಜ್ಜಿ ಬೋರಲು ಹಾಕಿದ ಗಂಗಾಳವೇ ಈಗ ಅಡಿವೆಪ್ಪನ ಮುಂದೆ ಇರುವುದು.

ಇಷ್ಟು ಒಳ್ಳೆಯ ಪದ್ಧತಿ ಇದ್ದ ಮೇಲೆ ನಿಮಗೇನು ಕೊರತೆ ಎಂದು ನೀವು ಕೇಳಬಹುದು. ಕೊರತೆ ನಮ್ಮ ಒಳ್ಳೆಯತನದ್ದೇ. ದಿನಾ ಒಂದೊಂದು ಮನೆಯಲ್ಲಿ ಉಂಡವನು ಎಷ್ಟು ದಿನ ಹೊರಗಿನವನಾಗಿ ಉಳಿದಾನು? ಅಡಿವೆಪ್ಪ ಕೈಯಾಳಾಗಿ ಹನ್ನೊಂದು ವರ್ಷವಾಯಿತು. ಅವನಿಗೆ ಬೆಳ್ಳುಳ್ಳಿ ಖಾರ ಸೇರುತ್ತದೆ, ಹುಳಿ ಮಜ್ಜಿಗೆ ಸೇರುವುದಿಲ್ಲ. ಎಡ ಮೊಣಕಾಲು ಮಂಡಿಯೂರಲು ಬಿಡುವುದಿಲ್ಲ. ಅವ್ವನ ಮಾತು ಬಂದರೆ ಕಣ್ಣು ಒದ್ದೆಯಾಗುತ್ತದೆ. ಅವನಿಗೂ ನಮ್ಮ ವಿಷಯ ಅಷ್ಟೇ ಗೊತ್ತು. ಯಾರ ಎಮ್ಮೆ ಈಯಿತು, ಯಾರ ಸೊಸೆ ತವರಿಗೆ ಹೋಗಿ ಕೂತಿದ್ದಾಳೆ, ಎಲ್ಲ ಅವನ ಬಾಯಲ್ಲೇ ಇರುತ್ತದೆ. ಹೀಗಿರುವಾಗ ಹಸಿದು ಬಂದವನ ಮುಂದೆ ಗಂಗಾಳ ಬೋರಲಿಟ್ಟು ಸಭೆಯಲ್ಲಿ ಏನು ಮಾಡಿದೆ ಎಂದು ಕೇಳುವುದು ಜನಕ್ಕೆ ಒರಟು ಅನ್ನಿಸತೊಡಗಿತು. ಪ್ರಶ್ನೆಗಳು ಮೆತ್ತಗಾದವು. ನಿದ್ದೆ ಬಂತೇನು, ಬಿಸಿಲು ಬಹಳ ಐತಲ್ಲ, ಮಗನಿಗೆ ಹೆಣ್ಣು ಗೊತ್ತಾಯಿತೇನು. ಅವನು ನಕ್ಕು ಉತ್ತರ ಹೇಳುತ್ತಿದ್ದ, ನಾನು ಗಂಗಾಳ ಮಗುಚುತ್ತಿದ್ದೆ. ಕೈಯಾಳನ್ನು ನಮ್ಮಷ್ಟು ಚೆನ್ನಾಗಿ ಬಲ್ಲವರು ಸುತ್ತಮುತ್ತ ಯಾವ ಊರಲ್ಲೂ ಇಲ್ಲ ಎಂದು ನಾವು ಬೀಗುತ್ತಿದ್ದೆವು.

ಈಗ ನೆರಳುಪಟ್ಟಿಯ ವಿಷಯ ಹೇಳಬೇಕು. ಎರಡನೇ ಬೇಸಿಗೆಯಲ್ಲಿ ನಮ್ಮಲ್ಲಿ ಬರಿಗಾಲಲ್ಲಿ ಅಂಗಳ ದಾಟಲಾಗುವುದಿಲ್ಲ. ಅದಕ್ಕೇ ಓಣಿ ಓಣಿಗೂ ಈ ಸೂರಿನಿಂದ ಆ ಸೂರಿಗೆ ಎಳೆದು ಕಟ್ಟಿದ ದಪ್ಪ ಬಿಳಿಯ ನೆರಳುಬಟ್ಟೆ ಇರುತ್ತದೆ. ಅದರ ಕೆಳಗೇ ಸಂತೆ, ಶಾಲೆ, ಮದುವೆ, ಜಗಳ, ಹಪ್ಪಳ ಒಣಗಿಸುವುದೊಂದು ಬಿಟ್ಟು ಎಲ್ಲ. ಬಟ್ಟೆ ಎಲ್ಲ ಓಣಿಗಳಿಗೂ ಸಾಲುವುದಿಲ್ಲ. ಯಾವ ಓಣಿಗೆ ನೆರಳು, ಯಾವುದಕ್ಕಿಲ್ಲ ಎಂದು ಮೂರು ವರ್ಷಕ್ಕೊಮ್ಮೆ ಪಟ್ಟಣದ ಸಭೆ ಕೈ ಎತ್ತಿ ತೀರ್ಮಾನಿಸುತ್ತದೆ. ಪಟ್ಟಿಯಿಂದ ಹೆಸರು ಬಿದ್ದ ಓಣಿಯಲ್ಲಿ ಮನುಷ್ಯರು ಉಳಿಯುವುದಿಲ್ಲ.

ಮೂರು ವರ್ಷದ ಹಿಂದೆ ಆ ಸಭೆಯ ದಿನ ಅಡಿವೆಪ್ಪನ ಸರದಿ ಕಂಬಾರ ಓಣಿಯ ಫಕೀರವ್ವನ ಮನೆಯಲ್ಲಿತ್ತು. ಫಕೀರವ್ವ ನನ್ನ ಗೆಳತಿ. ನಾವಿಬ್ಬರೂ ಒಂದೇ ವರ್ಷ ಈ ವಾರ್ಡಿಗೆ ಸೊಸೆಯಾಗಿ ಬಂದವರು. ಅವಳು ಬಾಗಿಲಲ್ಲೇ ನನ್ನ ಕೈ ಹಿಡಿದು, 'ನಮ್ಮ ಓಣಿ ನೆರಳಿನ ಸುದ್ದಿ ಏನೇನೋ ಕೇಳಾಕತ್ತೇನಿ. ಇವತ್ತ ಯಾವುದಕ್ಕ ಕೈ ಎತ್ತತಾನ ಕೇಳವಾ' ಅಂದಳು. ಆಯಿತು ಅಂದೆ. ಗಂಗಾಳ ಬೋರಲಿಟ್ಟೆ. ಅಡಿವೆಪ್ಪ ಗೋಡೆ ಹಿಡಿದು ಕುಂಟುತ್ತ ಬಂದು ಕೂತ. ಕೂತವನೇ ನನ್ನ ಕಡೆ ತಿರುಗಿ, 'ಅಕ್ಕಾ, ಮಗಳು ಬಾಣಂತಿ ಅದಾಳಂತಲ್ಲ. ಕೂಸಿಗೆ ಕಾಮಣಿ ಆಗಿತ್ತಂತ, ಈಗ ಹೆಂಗೈತಿ?' ಅಂದ. ನನ್ನ ಸ್ವಂತ ಅಣ್ಣ ಕೂಡ ಆ ಕೂಸಿನ ಬಗ್ಗೆ ವಿಚಾರಿಸಿರಲಿಲ್ಲ. ನನ್ನ ಬಾಯಿಂದ ಬಂದದ್ದು, 'ಆರಾಮೈತಿ ತಮ್ಮಾ. ನಿನ್ನ ಮೊಣಕಾಲು ಹೆಂಗೈತಿ?' ಅಷ್ಟೇ. ಅವನು ಮೊಣಕಾಲಿನ ಕಥೆ ಹೇಳಿದ. ಅವತ್ತಿನ ಪ್ರಶ್ನೆ ಮುಗಿಯಿತು. ನಾನು ಗಂಗಾಳ ಮಗುಚಿದೆ.

ಮನೆಗೆ ಬಂದವನ ಮುಂದೆ ಫಕೀರವ್ವ ಏನೆಂದಾಳು? ಬಿಸಿ ರೊಟ್ಟಿ ತಟ್ಟಿ ತಟ್ಟಿ ಹಾಕಿದಳು, ಅವನು ನಾಲ್ಕು ಉಂಡ. ಮೂರು ಗಂಟೆಗೆ ಸಭೆಗೆ ಹೋಗಿ ಕಂಬಾರ ಓಣಿಯ ನೆರಳುಬಟ್ಟೆಯನ್ನು ಹೊಸ ಗೋದಾಮುಗಳ ಅಂಗಳಕ್ಕೆ ಕೊಡಬೇಕು ಎನ್ನುವ ಪಟ್ಟಿಗೆ ಕೈ ಎತ್ತಿದ. ಉಂಡ ಮನೆಯ ಜಂತೆ ಎಣಿಸುವುದು ಎಂದರೆ ಇದೇ. ಒಂದೇ ಕೈ ಹೆಚ್ಚಾಗಿ ಪಟ್ಟಿ ಪಾಸಾಯಿತು. ಮೂವತ್ತೆಂಟು ಮನೆ.

ಮರುದಿನ ನಾನು ಸರದಿ, ಪದ್ಧತಿ ಎಲ್ಲ ಬಿಟ್ಟು ದಾರಿಯಲ್ಲೇ ಅವನನ್ನು ತಡೆದು ಜಗಳಕ್ಕೆ ನಿಂತೆ. ಅವನು ಸುಳ್ಳು ಹೇಳಲಿಲ್ಲ, ಮುಖ ತಿರುಗಿಸಲಿಲ್ಲ. 'ಯಾರೂ ಕೇಳಲಿಲ್ಲಲ್ಲ ಅಕ್ಕಾ. ಕೇಳಿದ್ರ ಹೇಳತಿದ್ನಿ' ಅಂದ. ಈ ಮೂರು ವರ್ಷ ಆ ಮಾತನ್ನು ನಾನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಅದರಲ್ಲಿ ಒಂದು ತಪ್ಪು ಸಿಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನೆರಳುಬಟ್ಟೆ ಬಿಚ್ಚಿ ಸುತ್ತಿಕೊಂಡು ಹೋದ ದಿನ ಫಕೀರವ್ವ ಗಂಟು ಕಟ್ಟಿದಳು. ಊರಾಚೆ ಕಾಲುವೆ ಪಕ್ಕದ ತಗಡಿನ ಶೆಡ್ಡುಗಳಿಗೆ ಅವರನ್ನೆಲ್ಲ ಸಾಗಿಸಿದರು. ಬೈಯಲಿ, ನಾಲ್ಕು ಏಟು ಹಾಕಲಿ ಎಂದುಕೊಂಡೇ ನಾನು ಹೋಗಿದ್ದೆ. ಅವಳು, 'ಅವನ ಮೊಣಕಾಲು ನಿನಗ ಗೊತ್ತಿತ್ತು ನೀಲಗಂಗಾ, ಕೈ ಗೊತ್ತಿರಲಿಲ್ಲ' ಅಂದಳು. ಆಮೇಲೆ ನನ್ನ ಜೊತೆ ಮಾತಾಡಿಲ್ಲ. ನಾನು ಮೂರು ಸಲ ಶೆಡ್ಡಿಗೆ ಹೋಗಿ ಬಂದೆ. ನೀರು ಕೊಡುತ್ತಾಳೆ, ಕೂಡಲು ಚಾಪೆ ಹಾಕುತ್ತಾಳೆ, ಮಾತು ಇಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವತ್ತಿನಿಂದ ನಾನು ಕಟ್ಟುನಿಟ್ಟಾಗಿ ಕೇಳತೊಡಗಿದೆ. ವಾರ್ಡಿನವರಿಗೆ ಇದು ಹಿಡಿಸಲಿಲ್ಲ. ಪಾಪ, ಉಣ್ಣುವ ಹೊತ್ತಿಗೆ ಅವನನ್ನು ಗೋಳು ಹೊಯ್ದುಕೊಳ್ಳುತ್ತಾಳೆ ಎಂದರು. ಹೋದ ವರ್ಷದ ಚುನಾವಣೆಯಲ್ಲಿ ಮತ್ತೆ ಅವನನ್ನೇ ಗೆಲ್ಲಿಸಿದರು. ನಿಜ ಹೇಳಿಬಿಡುತ್ತೇನೆ, ನಾನೂ ಅವನಿಗೇ ಓಟು ಹಾಕಿದೆ. ಎದುರು ನಿಂತವನ ಬಗ್ಗೆ ಏನೂ ಗೊತ್ತಿರಲಿಲ್ಲ, ಇವನಾದರೋ ನಮ್ಮವನು ಅನ್ನಿಸಿತು. ನಾನು ಎಲ್ಲರನ್ನೂ ಅನುಮಾನದಿಂದ ನೋಡುತ್ತೇನೆ, ಸರಿಯೇ. ಆದರೆ ಎಲ್ಲರಿಗಿಂತ ಹೆಚ್ಚು ಅನುಮಾನ ನನಗೆ ನನ್ನ ಮೇಲೆಯೇ.

ಇವತ್ತು ಮೂರು ಗಂಟೆಗೆ ಮತ್ತೆ ನೆರಳುಪಟ್ಟಿ. ಕಂಬಾರ ಓಣಿಯ ಹೆಸರು ಮತ್ತೆ ಸೇರಬೇಕೆಂದು ಶೆಡ್ಡಿನವರು ಅರ್ಜಿ ಹಾಕಿದ್ದಾರೆ. ಈ ಸಲ ತಪ್ಪಿದರೆ ಮನೆಗಳನ್ನು ಕೆಡವಿ ಜಾಗವನ್ನು ಗೋದಾಮಿಗೆ ಸೇರಿಸುತ್ತಾರೆ, ಆಮೇಲೆ ಕೇಳುವುದಕ್ಕೆ ಓಣಿಯೇ ಇರುವುದಿಲ್ಲ. ಇವತ್ತಿನ ಸರದಿ ನನ್ನ ಮನೆಯದು, ಪ್ರಶ್ನೆಯೂ ನನ್ನದೇ. ಅಡಿವೆಪ್ಪ ಬಂದು ಕೂತ ತಕ್ಷಣ, ಇವತ್ತು ಯಾವುದಕ್ಕೆ ಕೈ ಎತ್ತುತ್ತೀ ಎಂದು ಕೇಳಿದೆ. ಅವನು ನಕ್ಕು, 'ಮೊದಲ ಉಣ್ಣಾಕ ಹಾಕು ಅಕ್ಕಾ, ಆಮ್ಯಾಲೆ ಹೇಳತೀನಿ' ಅಂದ. ಮೊಣಕಾಲು ನೀವಿಕೊಂಡ. ಮೊಮ್ಮಗಳು ಶಾಲೆಗೆ ಹೋಗುತ್ತಾಳೇನು ಎಂದು ಕೇಳಿದ. ಒಳಗಿನಿಂದ ಮಗಳು, 'ಅವ್ವಾ, ಮನಿಗೆ ಬಂದವರಿಗೆ ಹಿಂಗ ಮಾಡತಾರೇನ?' ಎಂದು ಸಿಟ್ಟು ಮಾಡಿದಳು. ನನ್ನ ಬಲಗೈ ಆಗಲೇ ಗಂಗಾಳದ ಅಂಚಿನ ತನಕ ಹೋಗಿತ್ತು. ಅದಕ್ಕೆ ಬೇರೆ ಕೆಲಸ ಕೊಡಬೇಕೆಂದೇ ಲೇಖನಿ ಹಿಡಿದು ಈ ಹಿಂದೋಲೆ ಬರೆಯಲು ಕೂತೆ. ಇಷ್ಟು ಬರೆಯುವ ತನಕ ಅವನೂ ಮಾತಾಡಿಲ್ಲ, ನಾನೂ ಮಗುಚಿಲ್ಲ. ರೊಟ್ಟಿ ಸೆಟೆದುಕೊಂಡಿವೆ.

ಹಿಂದಿನವರೇ, ನಿಮ್ಮ ವಾರ್ಡಿನ ಸದಸ್ಯರ ಹೆಸರು ನಿಮಗೆ ಗೊತ್ತಿದೆಯೋ ಇಲ್ಲವೋ, ನನಗೆ ಅನುಮಾನ. ಗೊತ್ತಿಲ್ಲದಿದ್ದರೆ ಹೋಗಿ ಪರಿಚಯ ಮಾಡಿಕೊಳ್ಳಿ, ಒಬ್ಬರೇ ಹೋಗದೆ ಓಣಿಯವರನ್ನೆಲ್ಲ ಕರೆದುಕೊಂಡು ಹೋಗಿ. ಗೊತ್ತಿದ್ದರೆ ನನಗೆ ಇನ್ನೂ ಹೆಚ್ಚು ಭಯ. ಅವರು ನಿಮ್ಮ ಮನೆಯ ಮದುವೆಗೆ ಬಂದು ಅಕ್ಷತೆ ಹಾಕಿರಬಹುದು, ಸಾವಿಗೆ ಬಂದು ಹೆಗಲು ಕೊಟ್ಟಿರಬಹುದು. ಅದು ಒಳ್ಳೆಯದೇ, ಬೇಡ ಅನ್ನಬೇಡಿ. ಆದರೆ ಚಹಾದ ಕಪ್ಪು ಕೈಗೆ ಕೊಡುವ ಮೊದಲು, ಹೋದ ಸಭೆಯಲ್ಲಿ ಆ ಕೈ ಯಾವುದಕ್ಕೆ ಎದ್ದಿತ್ತು ಎಂದು ಕೇಳಿ. ಕೇಳಿದ್ದನ್ನು ಬರೆದಿಡಿ. ನಿಮ್ಮ ನಡಾವಳಿಗಳನ್ನು ಓದುವವರು ಇಲ್ಲಿದ್ದೇವೆ.

ಈಗ ಅಡಿವೆಪ್ಪ ಬಾಯಿ ಬಿಟ್ಟ. 'ಏನ್ ಬರಿಯಾಕತ್ತಿ ಅಕ್ಕಾ?' ಅಂದ. 'ನಿನ್ನ ಸುದ್ದಿನ' ಅಂದೆ. ಅವನು ಗಂಗಾಳ ನೋಡುತ್ತಲೇ, 'ಆತು. ಕಂಬಾರ ಓಣಿಗೆ ಎತ್ತತೀನಿ' ಅಂದ. ಅಂದು ಕೈಯನ್ನು ಗಂಗಾಳದ ಪಕ್ಕದಲ್ಲಿ ಇಟ್ಟ. ದಪ್ಪ ಗೆಣ್ಣಿನ ಕೈ, ಕಿರುಬೆರಳಿನ ಉಗುರು ಕಪ್ಪಾಗಿದೆ. ಹನ್ನೊಂದು ವರ್ಷ ಊಟಕ್ಕೆ ಹಾಕಿಸಿದರೂ ಆ ಕೈಯನ್ನು ನಾನು ನೋಡಿರಲಿಲ್ಲ.

ಉತ್ತರ ಬಂದ ಮೇಲೆ ಗಂಗಾಳ ಮಗುಚಬೇಕು, ಅದು ಪದ್ಧತಿ. ಮುತ್ತಜ್ಜಿ ನನ್ನನ್ನು ಕ್ಷಮಿಸಲಿ, ಇವತ್ತು ಪದ್ಧತಿ ಮುರಿಯುತ್ತಿದ್ದೇನೆ. 'ಎತ್ತಿ ಬಾ ತಮ್ಮಾ, ಬಂದು ಉಣ್ಣು' ಅಂದೆ. ಅವನು ನನ್ನ ಮುಖವನ್ನೇ ನೋಡಿ, ಗೋಡೆ ಹಿಡಿದು ಎದ್ದ. ಸಭೆಗೆ ಇನ್ನು ಅರ್ಧ ಗಂಟೆಯಿದೆ, ಹಿಂದೋಲೆ ಕಚೇರಿ ದಾರಿಯಲ್ಲೇ ಸಿಗುತ್ತದೆ. ಸಭೆಯ ಗ್ಯಾಲರಿಯಲ್ಲಿ ಊರವರು ಕೂಡಬಹುದೆಂದು ಕಾಯಿದೆಯಿದೆ, ಇಷ್ಟು ವರ್ಷದಲ್ಲಿ ನಮ್ಮ ವಾರ್ಡಿನವರು ಯಾರೂ ಹೋಗಿ ಕೂತಿಲ್ಲ.

ನಿಮಗೆ ಒಳ್ಳೆಯದಾಗಲಿ. ಎಣ್ಣೆಗಾಯಿ ಮುಚ್ಚಿಟ್ಟಿದ್ದೇನೆ. ಗಂಗಾಳವನ್ನು ಕಂಕುಳಲ್ಲಿ ಇರುಕಿಕೊಂಡು ಅವನ ಹಿಂದೆಯೇ ಹೊರಟಿದ್ದೇನೆ.

ನೀಲಗಂಗವ್ವ
ಕೇಳುಗಿತ್ತಿ, ಒಂಬತ್ತನೇ ವಾರ್ಡು