ಬಿಡದೆ ಓದಿದ ಸಾಲು

ಲಂಡನ್, 1624ರ ಅಕ್ಟೋಬರ್ 10, ಭಾನುವಾರ

ಇಂದು ಪಾದ್ರಿಗಳ ಪ್ರವಚನ ಸೈನಿಕವೃತ್ತಿಯ ಗೌರವದ ಮೇಲೆ. ಸಂಜೆ ಮನೆಮಂದಿಗೆ ಓದಿಹೇಳಲೆಂದು ಎಂದಿನಂತೆ ಬರೆದುಕೊಂಡೆ. ‘ದೇವರಿಗಾಗಿ ಕತ್ತಿ ಹಿಡಿದವನ ವಿಧವೆಯೂ ಧನ್ಯಳು’ ಎಂಬಲ್ಲಿ ಕೈ ನಿಂತಿತು. ಹಾಲೆಂಡಿನ ಯುದ್ಧಕ್ಕೆ ಹೋಗಬೇಕೆಂದು ನಮ್ಮ ಯಜಮಾನರಿಗೆ ಮೊದಲೇ ಆಸೆ. ನಮ್ಮ ಮಗು ಟಬಿತಾಗೆ ಇನ್ನೂ ಮೂರೇ ತಿಂಗಳು. ಓದುವಾಗ ಆ ಸಾಲನ್ನು ಹಾರಿಸಿಬಿಡೋಣ ಅನ್ನಿಸಿತು. ಆದರೆ ದೇವರ ಮಾತನ್ನು ಕದಿಯಲು ಮನಸ್ಸು ಬರಲಿಲ್ಲ, ಓದಿದೆ.

“ಅದನ್ನ ನುಂಗ್ತೀಯೇನೋ ಅಂತ ಕಾಯ್ತಿದ್ದೆ ಕಣೇ,” ಅಂದರು ಜರ್ವಿಸ್. “ನುಂಗಿದ್ರೆ ಸಿಟ್ಟಲ್ಲಿ ನಾಳೆನೇ ಸೈನ್ಯಕ್ಕೆ ಹೆಸರು ಕೊಡ್ತಿದ್ದೆ. ನಿನ್ನ ದನಿ ನಡುಗಿದ್ದು ಕೇಳಿಸ್ತು. ಮಗು ನಡೆಯೋವರೆಗೂ ಎಲ್ಲಿಗೂ ಹೋಗಲ್ಲ.”

“ಹಾಗಾದ್ರೆ ಶೂರರು ಸ್ವಲ್ಪ ತೊಟ್ಟಿಲು ತೂಗಿ,” ಅಂದೆ.

ತೂಗುತ್ತಲೇ ನಿದ್ದೆಹೋಗಿದ್ದಾರೆ, ಮಗು ಕಣ್ಣುಬಿಟ್ಟುಕೊಂಡಿದೆ. ದೇವರೇ, ಇವರನ್ನು ಉಳಿಸಿಕೊಟ್ಟೆ. ಮಕ್ಕಳು ಎಷ್ಟು ಬೇಗ ನಡೆದುಬಿಡುತ್ತವೆ, ಅದೊಂದೇ ಯೋಚನೆ ಈಗ.