ತಂಗಿಯ ಮೈಯಲ್ಲಿ ನನ್ನ ಕೋಶಗಳು

ಮಾರ್ಚ್ 4, ಬೆಳಿಗ್ಗೆ

ಲ್ಯಾಬ್‌ಗೆ ಮೊದಲು ವಾರ್ಡ್. ಗೌನು, ಮಾಸ್ಕು, ಕೈ ತೊಳೆಯುವುದು. ತಂಗಿಯ ಅಂಗೈ ಮತ್ತೆ ಕೆಂಪಾಗಿದೆ. ನಾನು ಕೊಟ್ಟ ಅಸ್ಥಿಮಜ್ಜೆ ಅವಳಲ್ಲಿ ಚೆನ್ನಾಗಿಯೇ ನೆಲೆಯೂರಿತು. ಆದರೆ ಅದರೊಳಗಿನ, ರೋಗಾಣುಗಳ ಮೇಲೆ ಬೀಳಬೇಕಾದ ಟಿ ಕೋಶಗಳು ಅವಳ ಚರ್ಮವನ್ನೇ ಶತ್ರು ಎಂದುಕೊಂಡಿವೆ. ಮಾತ್ರೆಗೆ ಬಗ್ಗದಿದ್ದರೆ... ಬರೆಯಲಾರೆ.

"ನಿನ್ನ ಸೆಲ್ಲೇ ತಾನೆ ಅಕ್ಕ. ಮೂಗಿನ ತುದೀಲೇ ಕೋಪ," ಎಂದಳು.

"ಮಾತಾಡ್ಬೇಡ. ಸುಮ್ನೆ ಮಲ್ಕೋ."

ಮಾರ್ಚ್ 5

ಲ್ಯಾಬ್‌ನಲ್ಲಿ, ಟಿ ಕೋಶಗಳು ಹೇಗೆ ಕೆರಳುತ್ತವೆ ಎಂದು ನೋಡುವ ನನ್ನ ಪ್ರಯೋಗ ಕೆಟ್ಟಿತು. ಟಿ ಕೋಶಗಳ ಎದುರಿಗಿಡುವ ಕೋಶಗಳನ್ನು ಫಾರ್ಮಲಿನ್ ಹಾಕಿ ಕೊಂದು, ಇದ್ದಹಾಗೇ ಬಿಗಿದಿಟ್ಟಿದ್ದೆ — ತಂಟೆ ಮಾಡದಿರಲಿ ಅಂತ. ಟಿ ಕೋಶಗಳು ಸ್ವಲ್ಪ ಮಿಸುಕಾಡಿ ತಣ್ಣಗಾದವು.

ಲ್ಯಾಬಿನ ಮುಖ್ಯಸ್ಥೆ ಮೇಡಂ ನೋಡಿದರು. "ಹೆಣದ ಮುಂದೆ ಕೂತು ಎಷ್ಟು ಹೊತ್ತು ಹರಟೆ ಹೊಡೀತಾವಮ್ಮ ಅವು?"

ಗೊತ್ತಿದ್ದದ್ದೇ. ಟಿ ಕೋಶ ತನ್ನ ಮೈಮೇಲಿನ ಅಣುವಿನಿಂದ ಎದುರಿನ ಕೋಶವನ್ನು ಮುಟ್ಟಬೇಕು. ಆಗ ಆ ಕೋಶವೂ ಎಚ್ಚೆತ್ತು ತನ್ನ ಅಣುಗಳನ್ನು ಹೊರಚಾಚುತ್ತದೆ. ಅದರಿಂದ ಟಿ ಕೋಶಕ್ಕೆ ಇನ್ನಷ್ಟು ಹುರುಪು. ಒಂದು ಕೈಯಿಂದ ಚಪ್ಪಾಳೆ ಆಗುತ್ತದೆಯೇ? ಆತುರಗೇಡಿ ನಾನು.

ಮಾರ್ಚ್ 9

ಮೂರು ದಿನ ಬರೆಯಲಿಲ್ಲ. ತಂಗಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ನಿನ್ನೆಯಿಂದ ಮಾತ್ರೆಯೂ ಬೇಡವಂತೆ. ಹೀಗಾದರೆ ಕೈ ಮೀರುತ್ತದೆ ಎಂದು ಡಾಕ್ಟರು ನನ್ನನ್ನು ಕರೆದು ಹೇಳಿದರು.

ಗದರಿದೆ. ಗೋಗರೆದೆ. ಎಲ್ಲಾ ಸರಿಹೋಗುತ್ತದೆ ಎಂದೆ.

"ನಿಂಗೆಲ್ಲಾ ಗೊತ್ತು ಬಿಡು," ಎಂದಳು, ಗೋಡೆಗೇ.

ಮಾರ್ಚ್ 10, ಮಧ್ಯಾಹ್ನ

ಇವತ್ತೂ ಬುದ್ಧಿ ಹೇಳಲು ಬಾಯಿ ತೆರೆದೆ. ಬಂದದ್ದು ಅಳು. "ಭಯ ಆಗ್ತಿದೆ ಕಣೆ. ನಾನು ಕೊಟ್ಟಿದ್ದೇ ನಿನ್ನ ತಿಂತಿದೆ. ರಾತ್ರಿ ನಿದ್ದೆ ಬರಲ್ಲ."

ಮೆಲ್ಲಗೆ ಈ ಕಡೆ ಹೊರಳಿದಳು. ಸಿಪ್ಪೆಯೆದ್ದ ಕೈಯಿಂದ ನನ್ನ ಗ್ಲೌಸಿನ ಬೆರಳು ಹಿಡಿದಳು.

"ಇಷ್ಟು ದಿನ ನಾನೊಬ್ಳೇ ಹೆದರ್ತಿದೀನಿ ಅನ್ಕೊಂಡಿದ್ದೆ, ಅಕ್ಕ."

ಆಮೇಲೆ, "ಊಟ ಮಾಡಿದ್ಯಾ?" ಎಂದಳು. ಇಲ್ಲ ಎಂದೆ. ಬೈದಳು. ಎಷ್ಟು ಹಾಯೆನಿಸಿತು! ನೀನು ತಿಂದರೆ ನಾನು ಮಾತ್ರೆ ನುಂಗುತ್ತೇನೆ ಎಂದಳು. ಕ್ಯಾಂಟೀನ್‌ಗೆ ಓಡಿದೆ.

ಮಾರ್ಚ್ 14, ಸಂಜೆ

ಲ್ಯಾಬ್‌ನಲ್ಲಿ ಈ ಸಲ ಟಿ ಕೋಶಗಳ ಎದುರಿಗೆ ಜೀವಂತ ಕೋಶಗಳನ್ನೇ ಇಟ್ಟೆ. ನಾಳೆ ನೋಡಬೇಕು.

ತಂಗಿಯ ಅಂಗೈ ಕೆಂಪು ಇಳಿದಿಲ್ಲ, ಏರಿಯೂ ಇಲ್ಲ. ಕಾಯಬೇಕು ಎನ್ನುತ್ತಾರೆ ಡಾಕ್ಟರು. ಭಯ ಇದ್ದೇ ಇದೆ, ಈಗ ಇಬ್ಬರಿಗೂ. ಹಾಸಿಗೆ ಪಕ್ಕದ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅವಳಿಗೆ ಎಚ್ಚರವಾಗಿದೆ.

"ಏನ್ ಬರೀತಿದೀಯ? ನನ್ನ ಬಗ್ಗೇನಾ? ಓದು, ಕೇಳ್ತೀನಿ."

ಈ ಡೈರಿಯನ್ನು ಯಾರಿಗೂ ಓದಿದವಳಲ್ಲ ನಾನು. ಪೆನ್ನು ಕೆಳಗಿಟ್ಟು, ಮೊದಲ ಪುಟಕ್ಕೆ ತಿರುಗಿಸಿ ಅವಳಿಗೆ ಓದುತ್ತೇನೆ.