ನಲವತ್ತು ಹೆಂಗಸರ ಪರವಾಗಿ ಒಬ್ಬ ಡ್ರೈವರ್ ಆಡಿದ ಮಾತು

ಸಂಶೋಧಕರ ಬಡ್ತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಬರುವ ತಿಂಗಳು ತಾವು ಬಡ್ತಿ ಕೊಡಲಿರುವ ಮನೋರೋಗ ಸಂಶೋಧಕರೊಬ್ಬರು ನಮ್ಮ ಸಾಲಹಳ್ಳಿಯ ನಲವತ್ತು ಹೆಂಗಸರನ್ನು ಎರಡೆರಡು ಸಲ ಕಂಡು ಮಾತನಾಡಿಸಿದ್ದಾಗಿ ಬರೆದಿದ್ದಾರೆ. ಎರಡನೆಯ ಸಲ ಅವರು ಊರಿಗೆ ಬಂದೇ ಇಲ್ಲ. ನನಗೆ ಹೇಗೆ ಗೊತ್ತು ಎಂದರೆ, ಜೀಪು ನನ್ನದು.

ಅವರ ಸಾಧನೆಯನ್ನು ಪೇಪರಿನಲ್ಲಿ ಓದಿದೆ. ಮನಸ್ಸು, ಮಿದುಳು ಕುರಿತು ಅರವತ್ತೊಂದು ಲೇಖನ. ಸಾಲಹಳ್ಳಿಯ ಲೇಖನವೊಂದನ್ನೇ ನೂರ ಹನ್ನೆರಡು ವಿದ್ವಾಂಸರು ತಮ್ಮ ಬರಹಗಳಲ್ಲಿ ಉಲ್ಲೇಖಿಸಿದ್ದಾರಂತೆ. ರಾಮದುರ್ಗದ ಸಂತೆಯಲ್ಲಿ ಹೋರಿ ಕೊಳ್ಳುವವನೂ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಈ ನೂರ ಹನ್ನೆರಡು ಮಂದಿಯಲ್ಲಿ ಒಬ್ಬರಾದರೂ ಸಾಲಹಳ್ಳಿಯ ಬಸ್ಸು ಹತ್ತಿದ್ದಾರೆಯೇ? ಒಬ್ಬರು ಬರೆದರು, ಅವರನ್ನು ನಂಬಿ ಇನ್ನೊಬ್ಬರು, ಅವರನ್ನು ನಂಬಿ ಮತ್ತೊಬ್ಬರು. ನಮ್ಮ ಕಟ್ಟೆಯ ಮೇಲಿನ ಚಾಡಿಗೂ ಇದಕ್ಕೂ ಏನು ವ್ಯತ್ಯಾಸ? ಚಾಡಿ ಹೇಳಿದವರಿಗೆ ಬಡ್ತಿ ಸಿಗುವುದಿಲ್ಲ, ಅಷ್ಟೇ.

ನಡೆದದ್ದು ೧೯೯೯ರ ಬೇಸಿಗೆಯಲ್ಲಿ. ಸಂಶೋಧಕರು ನಮ್ಮ ಅಂಗಳಕ್ಕೆ ಬಂದಾಗ ನನ್ನ ವಿಧವೆ ಅಕ್ಕ ಖತಿಜಾಬಿ ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದಳು. ತೀರಿಹೋದವರು ಯಾರಾದರೂ ಬರುತ್ತಾರೆಯೇ ಎಂದು ಕೇಳಿದರು.

"ಹ್ಞೂನ್ರಿ, ನಮ್ಮ ಯಜಮಾನ್ರು ಬೇಸ್ತವಾರಕ್ಕೊಮ್ಮೆ ಬರತಾರ. ಚಾ ಇಡತೇನಿ. ಸಕ್ರಿ ಕಮ್ಮಿ ಆದ್ರ ಅವ್ರಿಗೆ ನಡಿಯಂಗಿಲ್ಲ ನೋಡ್ರಿ."

ಪಕ್ಕದ ಮನೆಯ ಮಾಯವ್ವ ಬಿಡಲಿಲ್ಲ. "ಇದ್ದಾಗ ದಿನಾ ಕಾಡತಿದ್ದ, ಈಗ ವಾರಕ್ಕೊಮ್ಮೆ. ಪುಣ್ಯಾ ಮಾಡೀದಿ ಬಿಡ ಖತಿಜವ್ವಾ!"

ಇಬ್ಬರೂ ನಕ್ಕರು. ಸಂಶೋಧಕರು ನಗಲಿಲ್ಲ, ಬರೆದುಕೊಂಡರು. ಗುರುವಾರ ಸಂಜೆ ಸತ್ತವರಿಗೆ ಇಷ್ಟವಾದದ್ದನ್ನು ಮುಂದಿಟ್ಟು ಫಾತಿಹಾ ಪ್ರಾರ್ಥನೆ ಓದುವುದು ನಮ್ಮ ಎಷ್ಟೋ ಮನೆಗಳ ಪದ್ಧತಿ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವಳೇ ಹೇಳುತ್ತಿದ್ದಳು.

ಆರು ತಿಂಗಳಿಗೆ ಮತ್ತೆ ಬಂದರು, ನವಿಲುತೀರ್ಥದ ತನಕ ಮಾತ್ರ. ಅಣೆಕಟ್ಟು ನೋಡಿ, ಜೀಪಿನಲ್ಲೇ ಕುಳಿತು ಹೆಸರುಗಳ ಪಟ್ಟಿ ತೆಗೆದರು.

"ಜಹೀರ್, ಊರಿಗೆ ಹೋಗಿ ಬರೋಷ್ಟರಲ್ಲಿ ನನ್ನ ಬಸ್ಸು ತಪ್ಪುತ್ತೆ. ಎಲ್ಲರೂ ನಿಮಗೆ ಗೊತ್ತಿರೋರೇ ಅಲ್ವಾ? ನೀವೇ ಹೇಳಿಬಿಡಿ."

ಟೇಪ್ ರೆಕಾರ್ಡರಿನಲ್ಲಿ ಮಾತಾಡಿ ಇಡುವುದು ನನ್ನ ಹಳೆಯ ಚಟ. ಈ ಪತ್ರವನ್ನೂ ನಾನು ಹಾಗೆಯೇ ಆಡಿದ್ದೇನೆ, ಮಗಳು ಉಜ್ಮಾ ಬರೆದಿದ್ದಾಳೆ. ಅಂದು ಕ್ಯಾಸೆಟ್ಟಿನ ಎರಡೂ ಬದಿ ತುಂಬಿಸಿದೆ. ಅಕ್ಕನ ಸರದಿ ಬಂದಾಗ, "ನಮ್ಮಕ್ಕ ಏನ್ರಿ, ಗ್ವಾಡಿ ಕೂಡನೂ ಮಾತಾಡತಾಳ" ಎಂದು ಹೇಳಿ ನಾನೇ ನಕ್ಕೆ. ಆ ನಗೆ ಲೇಖನದಲ್ಲಿ ಹೀಗೆ ಅಚ್ಚಾಗಿದೆ: 'ಹದಿನೇಳನೆಯ ಮಹಿಳೆ, ವಿಧವೆ, ಕೌದಿ ಕೆಲಸ, ಎರಡನೆಯ ಭೇಟಿಯಲ್ಲಿ ಭ್ರಮೆ ಉಲ್ಬಣಿಸಿದೆ.' ಧಾರವಾಡದಲ್ಲಿ ಓದುವ ಉಜ್ಮಾ ಇದನ್ನು ಕನ್ನಡದಲ್ಲಿ ಹೇಳಿದಾಗ ಇನ್ನೊಮ್ಮೆ ಓದಿಸಿದೆ.

ಅಚ್ಚಿನಲ್ಲೇ ಇದ್ದಿದ್ದರೆ ಸಹಿಸಬಹುದಿತ್ತು. ಹೆಸರುಗಳ ಪಟ್ಟಿ ಹೇಗೋ ಮಾನಸಿಕ ಆರೋಗ್ಯ ಶಿಬಿರಕ್ಕೆ ತಲುಪಿತು. ಹೇಗೆ ಎಂದು ನನಗಿನ್ನೂ ಯಾರೂ ಹೇಳಿಲ್ಲ. ೨೦೦೪ರಲ್ಲಿ ಅಕ್ಕನನ್ನು ಕರೆದು, ಕಾರ್ಡು ಬರೆದು, ಗುಳಿಗೆ ಕೊಟ್ಟರು. ಅಂದಿನಿಂದ ಅವಳ ಕೈ ನಡುಗುತ್ತದೆ. ಕೌದಿ ಹೊಲಿಯುವವಳು ಸೂಜಿಗೆ ದಾರ ಹಾಕಲು ಮಾಯವ್ವನನ್ನು ಕರೆಯುತ್ತಾಳೆ. ಕೇಳಲು ಹೋದರೆ ಅಲ್ಲಿಯ ವೈದ್ಯರು, "ದೊಡ್ಡ ದೊಡ್ಡವರು ಒಪ್ಪಿದ ಅಧ್ಯಯನ ಐತ್ರಿ ಅದು. ನೀವು ಡ್ರೈವರ್ ಹೌದಲ್ರಿ?" ಎಂದರು. ಹೌದು ಸ್ವಾಮಿ, ಆ ಅಧ್ಯಯನವೂ ಈ ಡ್ರೈವರನದೇ!

ಗುರುವಾರದ ಚಹಾ ನಿಂತಿದೆ. ಯಾಕೆ ಇಡುವುದಿಲ್ಲ ಎಂದು ಕೇಳಿದೆ. "ಬ್ಯಾಡೋ ಜಹೀರ, ಇಟ್ರ ಮತ್ತ ಯಾರರೆ ಬರಕೊಂತಾರ" ಎಂದಳು. ಅವಳಿಗೆ ಆ ಕ್ಯಾಸೆಟ್ಟಿನ ವಿಷಯ ನಾನಿನ್ನೂ ಹೇಳಿಲ್ಲ.

ಅಧ್ಯಕ್ಷರೇ, ಅಂದು ಅವರ ರೆಕಾರ್ಡರ್ ಕೆಟ್ಟಿದ್ದರಿಂದ ನನ್ನದರಲ್ಲೇ ಮಾತಾಡಿ, ಆಮೇಲೆ ನಕಲು ಮಾಡಿಸಿ ಕಳುಹಿಸಿದ್ದೆ. ಮೂಲ ನನ್ನ ಟ್ರಂಕಿನಲ್ಲಿದೆ. ಬಡ್ತಿಯ ಕಾಗದಕ್ಕೆ ಸಹಿ ಮಾಡುವ ಮುನ್ನ ಅದನ್ನು ಕೇಳಿ. ಹಿಂದೆ ಅಣೆಕಟ್ಟಿನ ನೀರಿನ ಸದ್ದಿದೆ, ನನ್ನ ನಗೆಯಿದೆ. ನಲವತ್ತು ಹೆಂಗಸರಲ್ಲಿ ಒಬ್ಬಳ ದನಿಯೂ ಇಲ್ಲ. ಕೇಳಿದ ಮೇಲೆ ಆ ನೂರ ಹನ್ನೆರಡು ಮಂದಿಗೂ ತಿಳಿಸಿ. ಪಟ್ಟಿ ನೋಡದ ಒಬ್ಬ ವೈದ್ಯರನ್ನು ಸಾಲಹಳ್ಳಿಗೆ ಕಳುಹಿಸಿ. ಗುಳಿಗೆ ಬೇಕೋ ಬೇಡವೋ, ಅವರು ಅಕ್ಕನನ್ನೇ ಮಾತನಾಡಿಸಿ ತೀರ್ಮಾನಿಸಲಿ. ಗುರುವಾರ ಬಂದರೆ ಒಳ್ಳೆಯದು. ಅವರ ಮುಂದೆಯೇ ಅಕ್ಕ ಹೆದರದೆ ಒಂದು ಕಪ್ ಚಹಾ ಇಡಲಿ. ಅಂದು ನಾನು ಬಾಯಿ ಮುಚ್ಚಿಕೊಂಡು ಹೊರಗೆ ಜೀಪಿನಲ್ಲಿ ಕೂರುತ್ತೇನೆ.

ಇಂತಿ,
ನೂರ ಹನ್ನೆರಡು ಕಡೆ ಉಲ್ಲೇಖಗೊಂಡು, ಅಕ್ಕನ ಮುಖ ನೋಡಲಾಗದ
ಜಹೀರ, ಜೀಪ್ ಡ್ರೈವರ್
ಸಾಲಹಳ್ಳಿ, ರಾಮದುರ್ಗ ತಾಲೂಕು, ೨೦೦೭